ಎರೆಯ ನಾಡಿನಲ್ಲಿ ಒಂದು ವರುಷದ ಓಟ

ನಮ್ಮ ಕಡೆಯ ಹಳ್ಳಿಗಳಲ್ಲಿ ನಡುವಯಸ್ಸಿನ ಗೃಹಸ್ಥನೊಬ್ಬನು ನಸುಕಿನಲ್ಲಿ ರಸ್ತೆಯ ಮೇಲೆ ಓಡುತ್ತಿರುವದು ಕಂಡರೆ, ನೋಡಿದವರ ಮನಸ್ಸಿನಲ್ಲಿ ಮೂರೇ ಸಂಗತಿಗಳು ಹೊಳೆಯುವವು. ಒಂದು, ಅವನ ಎತ್ತು ಕಣ್ಣಿ ಹರಿದುಕೊಂಡು ಹೋಗಿರಬೇಕು. ಎರಡು, ಗದಗಿಗೆ ಹೋಗುವ ಮೊದಲಿನ ಬಸ್ಸು ತಪ್ಪುತ್ತಿರಬೇಕು. ಮೂರು, ಮನೆಯಲ್ಲಿ ಯಾರಿಗೋ ಬೇನೆ ಹೆಚ್ಚಾಗಿ ವೈದ್ಯರನ್ನು ಕರೆಯಲು ಹೊರಟಿರಬೇಕು. ಈ ಮೂರರಲ್ಲಿ ಯಾವದೂ ಅಲ್ಲದೆ, ಓಡುವದಕ್ಕಾಗಿಯೇ ಓಡುವ ಮನುಷ್ಯನಿರಬಹುದೆಂಬದು ಅವರಿಗೆ ತೋಚುವದೇ ಇಲ್ಲ. ನಾವು ಮೊದಲನೆಯ ದಿವಸ ಬೆಳವಣಕಿಯಿಂದ ರೋಣದ ರಸ್ತೆ ಹಿಡಿದು ಓಡಹೊರಟಾಗ, ಹೊಲಕ್ಕೆ ನಡೆದಿದ್ದ ಮುದುಕರೊಬ್ಬರು ಗಾಬರಿಯಿಂದ ಕೈಯೆತ್ತಿ ನಿಲ್ಲಿಸಿ, "ಯಾಕ್ರೀ, ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲೋ?" ಎಂದು ಕೇಳಿದರು. ಎಲ್ಲರೂ ಆರಾಮವಾಗಿದ್ದಾರೆಂದು ಹೇಳಲಾಗಿ, ಅವರು ನಮ್ಮನ್ನು ಮೇಲಿಂದ ಕೆಳಗಿನ ವರೆಗೆ ನೋಡಿ, "ಮತ್ತ ನಿಮಗೇನಾಗೇತಿ?" ಎಂದರು. ಆ ಪ್ರಶ್ನೆಗೆ ತಕ್ಕ ಉತ್ತರವು ಸಿಗಲು ನಮಗೆ ಒಂದು ವರುಷ ಹಿಡಿಯಿತು. ಆ ವರುಷದ ವೃತ್ತಾಂತವನ್ನೇ ವಾಚಕರ ಮುಂದಿಡಲು ಮನಸ್ಸು ಮಾಡಿರುವೆವು.

ನಮಗೆ ಆಗಿದ್ದಾದರೂ ಇಷ್ಟೆ. ಕುಳಿತು ಲೆಕ್ಕ ಬರೆಯುವ ಉದ್ಯೋಗ. ನಾಲ್ವತ್ತೆಂಟು ವರುಷಗಳ ಪ್ರಾಯ. ಊಟಕ್ಕೆ ಕೊರತೆಯಿಲ್ಲ, ಮೈಗೆ ಕೆಲಸವಿಲ್ಲ. 2024ರ ಮಾರ್ಚ ತಿಂಗಳಲ್ಲಿ ಬೇರೆ ಯಾವದೋ ನೆವದಿಂದ ರಕ್ತವನ್ನು ಪರೀಕ್ಷೆ ಮಾಡಿಸಲಾಗಿ, ಸಕ್ಕರೆಯ ಅಂಶವು ಮೇರೆ ಮೀರಿರುವದೆಂದೂ ರಕ್ತದ ಒತ್ತಡವು ಏರಿರುವದೆಂದೂ ತಿಳಿದು ಬಂತು. ವೈದ್ಯರು ಎರಡು ಗುಳಿಗೆಗಳನ್ನು ಬರೆದುಕೊಟ್ಟು, "ಗುಳಿಗೆಗಳು ಅರ್ಧ ಕೆಲಸವನ್ನು ಮಾಡುವವು; ಉಳಿದ ಅರ್ಧವನ್ನು ನಿಮ್ಮ ಕಾಲುಗಳೇ ಮಾಡಬೇಕು" ಎಂದರು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಸೂಚನೆಯ ಮೇರೆಗೆ ಪ್ರಾಯಸ್ಥರು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ವ್ಯಾಯಾಮವನ್ನಾಗಲಿ, 75ರಿಂದ 150 ನಿಮಿಷಗಳ ಬಿರುಸಾದ ವ್ಯಾಯಾಮವನ್ನಾಗಲಿ ಮಾಡತಕ್ಕದ್ದೆಂಬದನ್ನೂ ಅವರೇ ತಿಳಿಸಿದರು. ನಾವು ತಲೆಯಾಡಿಸಿದೆವು. ವೈದ್ಯರ ಮುಂದೆ ತಲೆಯಾಡಿಸುವದು ಎಲ್ಲರೂ ಬಲ್ಲ ವ್ಯಾಯಾಮವೇ ಸರಿ.

ಆದರೆ ಮರಳಿ ಬರುವಾಗ ಬಸ್ಸಿನಲ್ಲಿ ನಮ್ಮ ಕುಟುಂಬದವರು ಬಹಳ ಹೊತ್ತು ಸುಮ್ಮನಿದ್ದು ಒಂದೇ ಮಾತನ್ನಾಡಿದರು: "ಮಾವನವರನ್ನ ಅತ್ತಿಯವರು ಮೂರು ವರ್ಷ ಎತ್ತಿ ಇಳಿಸಿದ್ದನ್ನ ನಾ ಕಣ್ಣಾರೆ ನೋಡೇನಿ." ನಮ್ಮ ತೀರ್ಥರೂಪರು ಐವತ್ತೊಂದನೆಯ ವಯಸ್ಸಿನಲ್ಲಿ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದು, ಬಲಗೈಯೂ ಮಾತೂ ಹೋಗಿ, ಮೂರು ವರುಷಗಳ ತರುವಾಯ ತೀರಿಕೊಂಡಿದ್ದರು. ಅವರಿಗೂ ಇದೇ ಒತ್ತಡವಿತ್ತು. ಅವರೂ ಇದೇ ಲೆಕ್ಕದ ಗಾದಿಯ ಮೇಲೆಯೇ ಕುಳಿತಿದ್ದರು. ಗುಳಿಗೆಗಳಿಗಿಂತಲೂ ವೈದ್ಯರ ಉಪದೇಶಕ್ಕಿಂತಲೂ ಆ ಒಂದು ಮಾತೇ ನಮ್ಮನ್ನು ಎಬ್ಬಿಸಿತೆಂದು ಒಪ್ಪಿಕೊಳ್ಳಬೇಕು. ಎಪ್ರಿಲ್ 9ರಂದು ಕ್ರೋಧಿ ಸಂವತ್ಸರದ ಯುಗಾದಿ ಬಂತು. ಬೇವುಬೆಲ್ಲವನ್ನು ತಿಂದು, ಮರುದಿನ ನಸುಕಿನಲ್ಲಿ ಎದ್ದು ಓಡತೊಡಗಿದೆವು. ಎಷ್ಟು ದೂರವೆನ್ನುವಿರಿ? ಎಣಿಸಿ ಮುನ್ನೂರು ಹೆಜ್ಜೆ! ಅಷ್ಟಕ್ಕೆ ಉಸಿರು ಗಂಟಲಲ್ಲಿ ನಿಂತು, ಮೈಲಿಗಲ್ಲನ್ನು ಹಿಡಿದುಕೊಂಡು ನಿಂತೆವು. ಮುದುಕರು ಕೇಳಿದ ಪ್ರಶ್ನೆಗೆ ಆಗ ಉತ್ತರ ಕೊಡಲು ಇಚ್ಛೆಯಿದ್ದರೂ ಉಸಿರಿರಲಿಲ್ಲ.

ಬೆಳವಣಕಿಯು ಗದಗ ಜಿಲ್ಲೆಯ ರೋಣ ತಾಲೂಕಿಗೆ ಸೇರಿದ್ದು. 1997ರಲ್ಲಿ ಗದಗ ಜಿಲ್ಲೆಯಾಗುವ ಮುಂಚೆ ಈ ಸೀಮೆಯೆಲ್ಲ ಧಾರವಾಡ ಜಿಲ್ಲೆಯಲ್ಲಿಯೇ ಇದ್ದಿತು. ಕಣ್ಣು ಹಾಯಿಸಿದಷ್ಟು ದೂರ ಕರಿಯ ಎರೆಯ ಬಯಲು. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ. ನಡುನಡುವೆ ಬದುವಿನ ಮೇಲೆ ಒಂದೊಂದು ಬೇವು, ಒಂದೊಂದು ಬನ್ನಿ. ಏರಿಲ್ಲ, ಇಳುಕಲಿಲ್ಲ; ಓಡುವವನಿಗೆ ಇದಕ್ಕಿಂತ ಸಮನಾದ ನೆಲವೆಲ್ಲಿ ಎಂದು ತಿಳಿಯದವರು ಅನ್ನಬಹುದು. ಆದರೆ ಎರೆಯ ಸ್ವಭಾವವನ್ನು ಅದರಲ್ಲಿ ನಡೆದವರೇ ಬಲ್ಲರು. ಈ ಮಣ್ಣಿನ ಕಣಗಳು ನೀರನ್ನು ಕುಡಿದು ಉಬ್ಬುವವು, ಒಣಗಿದಂತೆ ಕುಗ್ಗುವವು. ಆದದ್ದರಿಂದ ಬೇಸಿಗೆಯಲ್ಲಿ ಹಿಮ್ಮಡ ಸಿಕ್ಕುವಂಥ ಬಿರುಕುಗಳು ಬಾಯಿ ಬಿಟ್ಟಿರುವವು; ಒಂದು ಹದವಾದ ಮಳೆ ಬಿದ್ದಿತೆಂದರೆ ಪ್ರತಿಯೊಂದು ಹೆಜ್ಜೆಗೂ ಕಾಲಿಗೆ ಮಣ್ಣು ಮೆತ್ತಿ, ಹತ್ತು ಹೆಜ್ಜೆಯೊಳಗೆ ಮನುಷ್ಯನು ಎರಡು ಗೇಣು ಎತ್ತರವಾಗುವನು. ಮಳೆಗಾಲದಲ್ಲಿ ಡಾಂಬರಿನ ರಸ್ತೆಯೊಂದೇ ಗತಿ.

ಓಡುವ ಉದ್ಯೋಗದಲ್ಲಿ ನಾವು ಒಬ್ಬರೇ ಇರಲಿಲ್ಲವೆಂಬದು ಬೇಗನೆ ತಿಳಿಯಿತು. ಈಗಿನ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ನಿಜವಾಗಿ ಓಡುವವರೆಂದರೆ ಪೋಲೀಸು ಇಲಾಖೆಯನ್ನೋ ಸೈನ್ಯವನ್ನೋ ಸೇರಬೇಕೆಂದಿರುವ ತರುಣರು. ನಮ್ಮ ರಾಜ್ಯದ ಪೋಲೀಸು ನೇಮಕಾತಿಯಲ್ಲಿ ಲೇಖೀ ಪರೀಕ್ಷೆಯಲ್ಲದೆ ಓಟದ ಪರೀಕ್ಷೆಯೂ ಉಂಟು. ಪುರುಷ ಉಮೇದುವಾರನು 1600 ಮೀಟರು ದೂರವನ್ನು 6 ನಿಮಿಷ 30 ಸೆಕೆಂಡುಗಳೊಳಗಾಗಿ ಓಡಿ ಮುಗಿಸಬೇಕು. ಒಂದು ಸೆಕೆಂಡು ಮೀರಿದರೂ ವರುಷಗಟ್ಟಲೆ ಓದಿದ್ದು ನೀರಿನಲ್ಲಿ ಹೋಯಿತು. ಅಂಥ ಉಮೇದುವಾರನಾದ ತರುಣನೊಬ್ಬನು ದಿನಾಲು ನಮ್ಮನ್ನು ದಾಟಿ ಹೋಗುತ್ತಿದ್ದನು. ತಂದೆಯಿಲ್ಲ, ತಾಯಿ ಕೂಲಿ ಮಾಡಿ ಓದಿಸಿದ್ದಳು. ಮೂರನೆಯ ದಿವಸ ಅವನು ನಮ್ಮ ಸಮಕ್ಕೆ ಬಂದು ನಿಧಾನಿಸಿ, "ಕಾಕಾ, ನೀವು ಭಾಳ ಜೋರು ಓಡಾಕ ಹತ್ತೀರಿ. ಮಾತಾಡಕೋತ ಓಡಾಕ ಬರುವಷ್ಟ ಓಡ್ರಿ" ಎಂದನು. ಮುನ್ನೂರು ಹೆಜ್ಜೆಯ ನಮ್ಮ ಓಟಕ್ಕೆ ಜೋರು ಎಂಬ ಹೆಸರು ಸಿಕ್ಕಿದ್ದಕ್ಕೆ ಸಂತೋಷವಾದರೂ, ಅವನ ಮಾತು ಬಲು ಉಪಯುಕ್ತವಾಗಿತ್ತು. ಹೊಸದಾಗಿ ಓಡುವವನು ಮಾತನಾಡುತ್ತ ಓಡುವಷ್ಟೇ ವೇಗವನ್ನು ಇಟ್ಟುಕೊಂಡರೆ ಹೃದಯಕ್ಕೆ ಅತಿಶ್ರಮವಾಗದೆಂಬದನ್ನು ತಿಳಿದವರೆಲ್ಲರೂ ಹೇಳುವರು.

ಇನ್ನಿಬ್ಬರು ಮಿತ್ರರು ಓಡದೆಯೇ ನಮ್ಮ ಮಂಡಲಿಯನ್ನು ಸೇರಿದರು. ಒಬ್ಬರು ಸೇವೆಯಿಂದ ನಿವೃತ್ತರಾದ ಶಾಲೆಯ ಗುರುಗಳು. ಮೊಣಕಾಲಿನ ಬೇನೆಯಿಂದ ಅವರಿಗೆ ಓಡಲು ಬಾರದು. ಆದರೆ ಮೂವತ್ತು ವರುಷಗಳ ಹಳೆಯ ಬೈಸಿಕಲ್ಲನ್ನೇರಿ ಗಡಿಯಾರವನ್ನು ಕೈಯಲ್ಲಿ ಹಿಡಿದು ಹಿಂದಿನಿಂದ ಬರುವರು. ಇನ್ನೊಬ್ಬರು ದರ್ಜಿಗಳು, ಅವರ ಹತ್ತಿರ ಮೋಟರ ಸೈಕಲ್ಲು ಇದ್ದು, ಮಜ್ಜಿಗೆಯ ತಂಬಿಗೆಯನ್ನು ತರುವ ಕೆಲಸವನ್ನು ತಾವಾಗಿಯೇ ವಹಿಸಿಕೊಂಡರು. ನಮಗೆ ಓಡುವ ಚಡ್ಡಿಯನ್ನು ಹೊಲಿದು ಕೊಟ್ಟವರೂ ಅವರೇ. ಅಳತೆ ತೆಗೆದುಕೊಳ್ಳುವಾಗ, "ಆರು ತಿಂಗಳಿಗೆ ಇದನ್ನ ಎರಡು ಇಂಚು ಒಳಗ ಹಿಡೀಬೇಕಾಗತೈತಿ, ಆಗ ನಾ ಪುಕ್ಕಟ ಹೊಲದ ಕೊಡತೇನಿ, ಹಿಡಿಯೋ ಪ್ರಸಂಗ ಬರದಿದ್ದರ ಎರಡರಷ್ಟು ಕೂಲಿ ಕೊಡ್ರಿ" ಎಂದು ಶರ್ಯತ್ತು ಕಟ್ಟಿದರು.

ಒಂದು ತಿಂಗಳಾಗುವಷ್ಟರಲ್ಲಿ ನಮಗೆ ಅಹಂಕಾರವುಂಟಾಯಿತು. ಮೇ 10ರಂದು ಬಸವಜಯಂತಿಯ ನಿಮಿತ್ತ ನೆರೆಯ ಹಳ್ಳಿಯೊಂದರಲ್ಲಿ 5 ಕಿಲೋಮೀಟರಿನ ಓಟದ ಪಂದ್ಯವಿರುವದೆಂದು ಕೇಳಿ ಹೆಸರು ಹಚ್ಚಿಸಿದೆವು. ತರುಣನೂ ಹಚ್ಚಿಸಿದನು, ಮೊದಲನೆಯ ಬಹುಮಾನ 3000 ರೂಪಾಯಿ, ಅವನಿಗೆ ಪುಸ್ತಕಗಳ ಸಲುವಾಗಿ ಹಣ ಬೇಕಾಗಿತ್ತು. ಬೆಳಗಿನ ಆರು ಗಂಟೆಗೆಂದು ಸಾರಿದ ಪಂದ್ಯವು, ಉದ್ಘಾಟಿಸತಕ್ಕವರು ಬರುವದು ತಡವಾದದ್ದರಿಂದ, ಒಂಬತ್ತೂಕಾಲಕ್ಕೆ ಸುರುವಾಯಿತು. ಮೂರು ತಾಸು ಬಿಸಿಲಿನಲ್ಲಿ ನಿಂತಿದ್ದೆವು. ಹೊಟ್ಟೆ ಭಾರವಾದೀತೆಂದು ನೀರನ್ನು ಕೂಡ ಕುಡಿದಿರಲಿಲ್ಲ. ಸೀಟಿ ಊದಿದ ಕೂಡಲೆ, ಇಪ್ಪತ್ತು ವರುಷದ ಹುಡುಗರ ಜೊತೆಗೆ ನಾವೂ ಜಿಗಿದೆವು.

ಹೋಗಿ ತಿರುಗಿ ಬರುವ ದಾರಿ. ಎರಡನೆಯ ಕಿಲೋಮೀಟರಿನ ಹತ್ತಿರ ನಮ್ಮ ಕಿವಿಯಲ್ಲಿ ಭೋರೆಂಬ ಸದ್ದಾಗಿ, ರಸ್ತೆಯು ಓರೆಯಾದಂತೆ ತೋರಿತು. ಬೆವರು ನಿಂತುಹೋಗಿ ಮೈಯೆಲ್ಲ ಚಳಿಗೊಂಡಂತೆ ರೋಮಾಂಚನವಾಯಿತು. ಅದೇ ವೇಳೆಗೆ ತರುಣನು ತಿರುವನ್ನು ಮುಟ್ಟಿ, ಎಲ್ಲರಿಗಿಂತ ಮುಂದಾಗಿ ಮರಳಿ ಬರುತ್ತಿದ್ದನು. ನಮ್ಮ ಮೋರೆಯನ್ನು ನೋಡಿದವನೇ ನಿಂತುಬಿಟ್ಟನು. ಅವನನ್ನು ದಾಟಿ ಇಬ್ಬರು ಹೋದದ್ದು, ಮೂರನೆಯವನು ಹೋದದ್ದು, ನಮಗೆ ಮಬ್ಬು ಮಬ್ಬಾಗಿ ಕಂಡಿತು. "ಹೋಗಪ್ಪಾ, ಹೋಗು" ಎಂದು ಹೇಳಲು ಬಾಯಿ ತೆರೆದರೆ ಮಾತು ಹೊರಡಲಿಲ್ಲ. ಅವನು ನಮ್ಮನ್ನು ಬೇವಿನ ನೆರಳಿಗೆ ಎಳೆದೊಯ್ದು ಮಲಗಿಸಿ, ದಾರಿಯಲ್ಲಿ ಹೋಗುತ್ತಿದ್ದ ಹೆಣ್ಣುಮಗಳೊಬ್ಬಳ ಕೊಡವನ್ನು ಇಳಿಸಿಕೊಂಡು ತಲೆ, ಕೊರಳು, ಕಂಕುಳುಗಳ ಮೇಲೆ ನೀರು ಹೊಯ್ದು ತನ್ನ ಅಂಗಿಯಿಂದ ಗಾಳಿ ಹಾಕಿದನು. ಸ್ವಲ್ಪ ಹೊತ್ತಿಗೆ ಎಚ್ಚರವು ಸರಿಯಾದ ಮೇಲೆ ಉಪ್ಪು ಹಾಕಿದ ಮಜ್ಜಿಗೆಯನ್ನು ಗುಟುಕು ಗುಟುಕಾಗಿ ಕುಡಿಸಿದರು. ಸಂಜೆಗೆ ವೈದ್ಯರು ಬೈದದ್ದನ್ನು ಇಲ್ಲಿ ಬರೆಯಲಾರೆವು. ಅವರು ಹೇಳಿದ ತಾತ್ಪರ್ಯವನ್ನು ಮಾತ್ರ ವಾಚಕರ ಹಿತಕ್ಕಾಗಿ ಹೇಳುವೆವು: ಬಿಸಿಲಿನಲ್ಲಿ ಶ್ರಮಪಟ್ಟು ಮೈಯ ತಾಪವು 40 ಅಂಶಗಳನ್ನು ಮೀರಿ ಬುದ್ಧಿಯು ಕದಡಿತೆಂದರೆ ಅದು ಪ್ರಾಣಕ್ಕೇ ಬರುವ ಬೇನೆ, ಮೊದಲು ಮೈಯನ್ನು ತಂಪು ಮಾಡಬೇಕು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು, ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಲಾಗದು. ನಾಲ್ವತ್ತು ದಾಟಿದವರು, ಅದರಲ್ಲಿಯೂ ಒತ್ತಡದ ಗುಳಿಗೆಯನ್ನು ನುಂಗುವವರು, ವೈದ್ಯರನ್ನು ಕೇಳದೆ ಪಂದ್ಯಕ್ಕೆ ನಿಲ್ಲತಕ್ಕದ್ದಲ್ಲ.

ಮೂರು ದಿವಸಗಳಾದ ಮೇಲೆ 3000 ರೂಪಾಯಿಗಳನ್ನು ಲಕೋಟೆಯಲ್ಲಿಟ್ಟುಕೊಂಡು ನಾವು ಆ ತರುಣನ ಮನೆಗೆ ಹೋದೆವು. ಅವನಿರಲಿಲ್ಲ, ತಾಯಿ ರೊಟ್ಟಿ ಬಡಿಯುತ್ತಿದ್ದಳು. ಸಂಗತಿಯನ್ನು ಹೇಳಿ ಲಕೋಟೆಯನ್ನು ಮುಂದಿಡಲು, ಆ ತಾಯಿ ಹಿಟ್ಟಿನ ಕೈಯನ್ನು ಒರಸಿಕೊಂಡು ಅದನ್ನು ನಮ್ಮ ಕಡೆಗೆ ಸರಿಸಿ, "ಓಡಿದ್ದರ ರೊಕ್ಕ ಆಗಿದ್ದರ ತಗೋತಿದ್ವಿರಿ. ನಿಂತದ್ದಕ್ಕ ರೊಕ್ಕ ತಗೊಂಡರ ನಿಂತದ್ದು ಕೆಟ್ಟು ಹೋಗತೈತಿ" ಎಂದಳು. ನಾವು ಮೂವತ್ತು ವರುಷ ಲೆಕ್ಕ ಬರೆದವರು. ಈ ಜಮೆ ಖರ್ಚನ್ನು ಯಾವ ಪುಟದಲ್ಲಿ ಬರೆಯಬೇಕೆಂಬದು ತಿಳಿಯಲಿಲ್ಲ. ಬಿಸಿ ರೊಟ್ಟಿಯನ್ನು ತಿಂದು, ಲಕೋಟೆಯನ್ನು ಹಾಗೆಯೇ ಕಿಸೆಯಲ್ಲಿಟ್ಟುಕೊಂಡು ಮನೆಗೆ ಬಂದೆವು.

ಮುಂಗಾರು ಬಂತು, ಹೆಸರು ಬಿತ್ತಿದರು. ನಾವು ನಡೆಯುವದು, ಓಡುವದು, ಮತ್ತೆ ನಡೆಯುವದು, ಹೀಗೆ ಮೊದಲಿನಿಂದ ಕಲಿತೆವು. ಆಗಸ್ಟ ತಿಂಗಳಿನಲ್ಲಿ, ಇಡೀ ವರುಷದಲ್ಲಿಯೇ ನಮ್ಮನ್ನು ಹೆಚ್ಚಾಗಿ ಕಾಡಿದ ಪ್ರಸಂಗವು ಒದಗಿತು. ತರುಣನು ಬಸ್ಸು ನಿಲ್ಲುವ ಸ್ಥಳದಿಂದ ಒಂದು ಬನ್ನಿಯ ಮರದ ವರೆಗೆ 1600 ಮೀಟರೆಂದು ತಿಳಿದು ಓಡುತ್ತಿದ್ದನು. ಯಾರದೋ ಹಳೆಯ ಮೋಟರ ಸೈಕಲ್ಲಿನ ಅಂಕಿಯನ್ನು ನೋಡಿ ಗುರುತು ಮಾಡಿದ್ದು. ಅಷ್ಟು ದೂರವನ್ನು ಅವನು 6 ನಿಮಿಷ 10 ಸೆಕೆಂಡುಗಳಲ್ಲಿ ಮುಟ್ಟುತ್ತಿದ್ದನಾದ್ದರಿಂದ, ಇಪ್ಪತ್ತು ಸೆಕೆಂಡುಗಳ ಉಳಿತಾಯವಿದೆಯೆಂದು ನಾವೆಲ್ಲರೂ ನಿಶ್ಚಿಂತರಾಗಿದ್ದೆವು. ಗುರುಗಳೊಬ್ಬರಿಗೆ ಮಾತ್ರ ಸಂದೇಹ. ಗಾಲಿಯ ರಬ್ಬರು ಸವೆದರೆ ಅದರ ಸುತ್ತಳತೆಯು ಕಡಿಮೆಯಾಗಿ, ಅಷ್ಟೇ ದಾರಿಗೆ ಗಾಲಿಯು ಹೆಚ್ಚು ಸುತ್ತು ತಿರುಗುವದು. ಯಂತ್ರವು ಸುತ್ತುಗಳನ್ನೇ ಎಣಿಸುವದರಿಂದ ಇದ್ದದ್ದಕ್ಕಿಂತ ಹೆಚ್ಚು ದೂರವನ್ನು ತೋರಿಸುವದು. ಮೇಲಾಗಿ ಆ ಅಂಕಿಯು ನೂರು ಮೀಟರಿಗೊಮ್ಮೆ ಮಾತ್ರ ಬದಲಾಗುವದು ಎಂದು ಅವರು ವಾದಿಸಿದರು.

ಒಂದು ಆದಿತ್ಯವಾರ ಗುರುಗಳೂ ದರ್ಜಿಗಳೂ ನಾವೂ ಕೂಡಿ ಅಳತೆಗೆ ಹೊರಟೆವು. ಗುರುಗಳ ಬೈಸಿಕಲ್ಲಿನ ಮುಂದಿನ ಗಾಲಿಯ ಕಡ್ಡಿಗೆ ಕೆಂಪು ಅರಿವೆಯ ಚೂರನ್ನು ಕಟ್ಟಿದೆವು. ಸವಾರನು ಕುಳಿತಾಗ ಗಾಲಿಯು ತುಸು ಒತ್ತಿಕೊಳ್ಳುವದರಿಂದ, ಗುರುಗಳನ್ನು ಕುಳ್ಳಿರಿಸಿಯೇ ಹತ್ತು ಸುತ್ತು ನಡೆಸಿ, ಆ ನೆಲವನ್ನು ದರ್ಜಿಗಳ ಟೇಪಿನಿಂದ ಅಳೆಯಲಾಗಿ ಸರಿಯಾಗಿ 22 ಮೀಟರಾಯಿತು. ಅಂದರೆ ಸುತ್ತೊಂದಕ್ಕೆ 2 ಮೀಟರು 20 ಸೆಂಟಿಮೀಟರು. ಆ ಲೆಕ್ಕದಿಂದ 1600 ಮೀಟರಿಗೆ 727 ಸುತ್ತುಗಳೂ ಮೇಲೆ 60 ಸೆಂಟಿಮೀಟರೂ ಆಗಬೇಕು. ಬನ್ನಿಯ ಮರವು 695 ಸುತ್ತುವರೆಗೆ ಬಂದುಬಿಟ್ಟಿತು. ಎರಡನೆಯ ಸಲ ಎಣಿಸಿದೆವು, ಮೂರನೆಯ ಸಲ ಎಣಿಸಿದೆವು, ಮರವು ಕದಲಲಿಲ್ಲ. ದಾರಿಯು ಎಪ್ಪತ್ತು ಮೀಟರು ಕಡಿಮೆಯಾಗಿತ್ತು. ನಾವು ಅಲ್ಲಿಯೇ ಕುಳಿತು ಕೈಬೆರಳಿನಿಂದ ಧೂಳಿನಲ್ಲಿ ಲೆಕ್ಕ ಮಾಡಿದೆವು. 1530 ಮೀಟರಿಗೆ 6 ನಿಮಿಷ 10 ಸೆಕೆಂಡಾದರೆ 1600ಕ್ಕೆ 6 ನಿಮಿಷ 27 ಸೆಕೆಂಡು. ಇಪ್ಪತ್ತು ಸೆಕೆಂಡುಗಳ ಉಳಿತಾಯವು ಮೂರಕ್ಕೆ ಇಳಿದಿತ್ತು.

ಹೇಳಬೇಕೋ ಬಾರದೋ ಎಂಬ ವಾದವು ನಡೆಯಿತು. ದರ್ಜಿಗಳು, "ಹುಡುಗನ ಧೈರ್ಯ ಮುರೀಬ್ಯಾಡ್ರಿ, ಸುಮ್ಮನ ಗುರುತನ್ನ ದಿನಾ ಸ್ವಲ್ಪ ಸ್ವಲ್ಪ ಮುಂದ ಸರಸೋಣು" ಎಂದರು. ಗುರುಗಳು, "ಪರೀಕ್ಷೆಯ ದಿನ ನೆಲವು ಸರಿದು ಕೊಡುವದಿಲ್ಲ" ಎಂದರು. ನಮ್ಮ ಮನಸ್ಸಿನಲ್ಲಿ ಬೇವಿನ ನೆರಳು ಬಂತು. ನಮ್ಮ ಸಲುವಾಗಿ ನಿಂತವನಿಗೆ ಸುಳ್ಳು ಅಳತೆಯನ್ನು ಕೊಟ್ಟು ಓಡಿಸುವದು ಹೇಗೆ? ಹೇಳುವ ಭಾರವನ್ನು ನಾವೇ ಹೊತ್ತೆವು. ಸಂಜೆಗೆ ಅವನನ್ನು ಕರೆದು, ಅಳತೆಯನ್ನೂ ಲೆಕ್ಕವನ್ನೂ ಇದ್ದಂತೆ ಹೇಳಿದೆವು. ಅವನು ಏನೂ ಅನ್ನಲಿಲ್ಲ, ಮೋರೆಯು ಕಪ್ಪಿಟ್ಟಿತು, ಎದ್ದು ಹೋದನು. ಮರುದಿನ ಬರಲಿಲ್ಲ, ಮೂರನೆಯ ದಿನವೂ ಬರಲಿಲ್ಲ. ನಾಲ್ಕು ದಿವಸ ನಾವು ಓಡಿದ ಓಟದಲ್ಲಿ ರುಚಿಯೇ ಇರಲಿಲ್ಲ. ಹೇಳಿದ್ದು ತಪ್ಪಾಯಿತೇನೋ ಎಂದು ರಾತ್ರಿಯಲ್ಲಿ ಎಚ್ಚರವಾಗುತ್ತಿತ್ತು.

ಐದನೆಯ ದಿನ ನಸುಕಿನಲ್ಲಿ ಹೋದರೆ, ಬನ್ನಿಯ ಮರದ ಆಚೆಗೆ ರಸ್ತೆಯ ಮೇಲೆ ಸುಣ್ಣದ ಬಿಳಿಯ ಗೆರೆಯೊಂದು ಕಂಡಿತು. ಗುರುಗಳ ಬೈಸಿಕಲ್ಲನ್ನು ಬೇಡಿ ಒಯ್ದು ತಾನೇ 727 ಸುತ್ತುಗಳನ್ನು ಎಣಿಸಿ ಎಳೆದ ಗೆರೆ. ಪಕ್ಕದಲ್ಲಿ ಅವನು ಕಾಲಿನ ನರಗಳನ್ನು ಸಡಿಲಿಸಿಕೊಳ್ಳುತ್ತ ನಿಂತಿದ್ದನು. "ಅಳತಿ ತಪ್ಪಿತ್ತು ಕಾಕಾ; ಕಾಲು ತಪ್ಪಿಲ್ಲ" ಎಂದು ಹೇಳಿ ಓಡತೊಡಗಿದನು. ಆ ದಿವಸ ಅವನಿಗೆ 6 ನಿಮಿಷ 29 ಸೆಕೆಂಡು ಹಿಡಿಯಿತು. ಗುರುಗಳು ಗಡಿಯಾರವನ್ನು ಸರಿಯಾಗಿ ಓದಿ ಹೇಳಿದರು. ಒಂದನ್ನೂ ಕಡಿಮೆ ಹೇಳಲಿಲ್ಲ.

ಅಳತೆಯ ವಿಷಯದಲ್ಲಿ ಗುರುಗಳು ಆಗ ಹೇಳಿದ ಕಥೆಯು ಇಲ್ಲಿ ಬರೆಯತಕ್ಕದ್ದಾಗಿದೆ. ಮ್ಯಾರಥಾನ ಎಂಬ ದೊಡ್ಡ ಓಟದ ದೂರವು 42 ಕಿಲೋಮೀಟರು 195 ಮೀಟರೆಂದು ಈಗ ಎಲ್ಲರೂ ಬಲ್ಲರು. ಆದರೆ ಅದು ಮೊದಲಿನಿಂದಲೂ ಹಾಗಿದ್ದಿಲ್ಲ. 1896ರಲ್ಲಿ ಅಥೆನ್ಸಿನ ಮೊದಲನೆಯ ಒಲಿಂಪಿಕ ಪಂದ್ಯದಲ್ಲಿ ಅದು ಸುಮಾರು 40 ಕಿಲೋಮೀಟರು. 1908ರಲ್ಲಿ ಲಂಡನ್ನಿನಲ್ಲಿ ಈಗಿನ ಅಳತೆ. 1912ರಲ್ಲಿ ಸ್ಟಾಕಹೋಮಿನಲ್ಲಿ ಮತ್ತೆ 40ರ ಆಸುಪಾಸು. 1920ರಲ್ಲಿ ಬೆಲ್ಜಿಯಮ್ ದೇಶದ ಆಂಟವರ್ಪಿನಲ್ಲಿ 42 ಕಿಲೋಮೀಟರು 750 ಮೀಟರು. 1921ರಲ್ಲಿ ಅಳತೆಯನ್ನು ಗೊತ್ತುಪಡಿಸಿದರು. ಎಲ್ಲಕ್ಕೂ ಉದ್ದವಾದ ಆ ಆಂಟವರ್ಪಿನ ಓಟದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆಯವರು ಓಡಿದರು! ಸರ್ ದೊರಾಬಜಿ ಟಾಟಾ ಅವರ ಸಹಾಯದಿಂದ ಹಿಂದುಸ್ಥಾನದಿಂದ ಒಲಿಂಪಿಕಕ್ಕೆ ಹೋದ ಆ ಮೊದಲಿನ ಚಿಕ್ಕ ತಂಡದಲ್ಲಿ ಅವರೊಬ್ಬರು. ಗೆದ್ದವನು ಫಿನ್‌ಲಂಡಿನ ಕೊಲೆಹ್ಮಾಯ್ನೆನ್, 2 ತಾಸು 32 ನಿಮಿಷ 35 ಸೆಕೆಂಡುಗಳ ಮೇಲೆ ತುಸು. ಚೌಗುಲೆಯವರು 2 ತಾಸು 50 ನಿಮಿಷ 45 ಸೆಕೆಂಡುಗಳಲ್ಲಿ ಮುಟ್ಟಿ ಹತ್ತೊಂಬತ್ತನೆಯವರಾದರು. "ಈಗಿನ ಅಳತೆಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು ಓಡಿದರಪ್ಪಾ, ನಿನಗೆ ಎಪ್ಪತ್ತು ಮೀಟರು ಯಾವ ಲೆಕ್ಕ?" ಎಂದು ಗುರುಗಳು ಮುಗಿಸಿದರು. ಈಗಿನ ಕಾಲದಲ್ಲಿಯೂ ದೊಡ್ಡ ಪಂದ್ಯಗಳ ದಾರಿಯನ್ನು ಬೈಸಿಕಲ್ಲಿನ ಗಾಲಿಯ ಸುತ್ತುಗಳನ್ನು ಎಣಿಸುವ ಯಂತ್ರದಿಂದಲೇ ಅಳೆಯುವರೆಂದೂ, ಕಡಿಮೆ ಬೀಳದಿರಲೆಂದು ಕಿಲೋಮೀಟರಿಗೆ ಒಂದು ಮೀಟರನ್ನು ಹೆಚ್ಚಿಗೆ ಸೇರಿಸುವರೆಂದೂ ತಿಳಿದ ಮೇಲೆ, ಗುರುಗಳ ಹಳೆಯ ಬೈಸಿಕಲ್ಲಿಗೆ ನಮ್ಮಲ್ಲಿ ಬಹಳ ಗೌರವವುಂಟಾಯಿತು.

ದಸರೆಯ ಮುಂಚೆ ತಾಲೂಕಿನ ದಸರಾ ಕ್ರೀಡಾಕೂಟವು ರೋಣದಲ್ಲಿ ನಡೆಯಿತು. ತರುಣನು 1500 ಮೀಟರಿನ ಓಟದಲ್ಲಿ ಎರಡನೆಯವನಾದನು. ನಾವು 5000 ಮೀಟರಿಗೆ ನಿಂತೆವು. ಅಂದರೆ 400 ಮೀಟರಿನ ಹನ್ನೆರಡೂವರೆ ಸುತ್ತು. ಮುಂದಿನವರು ನಮ್ಮನ್ನು ಐದು ಸಲ ದಾಟಿದರು. ಎಲ್ಲರ ಓಟ ಮುಗಿದು, ಬಯಲಿನಲ್ಲಿ ನಾವೊಬ್ಬರೇ ಉಳಿದೆವು. ಇನ್ನೂ ಐದು ಸುತ್ತು! ಬಿಟ್ಟು ಹೊರಗೆ ಹೋಗಿಬಿಡೋಣವೆಂಬ ನಾಚಿಕೆಯು ಪ್ರಬಲವಾಗಿತ್ತು. ಅಷ್ಟರಲ್ಲಿ ಗೆರೆಯ ಹೊರಗಿನಿಂದ ಗುರುಗಳು ತಮ್ಮ ಬೇನೆಯ ಮೊಣಕಾಲನ್ನೆಳೆಯುತ್ತ ನಮ್ಮೊಡನೆ ನಡೆಯಹತ್ತಿದರು. ದರ್ಜಿಗಳು ಧೋತರದ ಚುಂಗನ್ನು ಎತ್ತಿ ಕಟ್ಟಿ ಓಡಹತ್ತಿದರು. ಅವರ ಹಿಂದೆ ಶಾಲೆಯ ಹುಡುಗರು. ನಾವು 31 ನಿಮಿಷಗಳಲ್ಲಿ ಮುಗಿಸಿದಾಗ, ಗೆದ್ದವನಿಗೆ ಬಿದ್ದಷ್ಟೇ ಚಪ್ಪಾಳೆ ನಮಗೂ ಬಿತ್ತು. ಆ ವಾರವೇ ಚಡ್ಡಿಯನ್ನು ಒಳಗೆ ಹಿಡಿಸುವ ಪ್ರಸಂಗವೂ ಬಂದು, ದರ್ಜಿಗಳು ಶರ್ಯತ್ತಿನ ಪ್ರಕಾರ ಪುಕ್ಕಟೆ ಹೊಲಿದು ಕೊಟ್ಟರು.

2024ರ ಅಕ್ಟೋಬರ ಕಡೆಯ ವಾರದಲ್ಲಿ, ಒಳಮೀಸಲಾತಿಯ ವಿಚಾರವು ಮುಗಿಯುವ ವರೆಗೆ ಹೊಸ ನೇಮಕಾತಿಯ ಪ್ರಕಟಣೆಗಳನ್ನು ಹೊರಡಿಸಬಾರದೆಂದು ರಾಜ್ಯದ ಮಂತ್ರಿಮಂಡಲವು ಗೊತ್ತುಮಾಡಿತು. ಆ ನಿರ್ಣಯದ ಹಿಂದೆ ಬಹು ಜನರ ನ್ಯಾಯದ ಪ್ರಶ್ನೆಯಿದ್ದಿತು. ಅದನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ವಯೋಮಿತಿಯ ಅಂಚಿನಲ್ಲಿರುವ ಹುಡುಗನಿಗೆ ಒಂದೊಂದು ತಿಂಗಳೂ ಒಂದೊಂದು ವರುಷ. ನಾವು ಅವನ ಸಮಕ್ಕೆ ಓಡಲಾರೆವು. ವಯಸ್ಸಾದರೋ ಅವನಿಗಿಂತ ಮುಂದಾಗಿ ಓಡುತ್ತಿತ್ತು. "ಪರೀಕ್ಷಾನ ಇಲ್ಲದಾಗ ಯಾಕ ಓಡಬೇಕು ಕಾಕಾ?" ಎಂದು ಒಂದು ದಿನ ಕೇಳಿದನು. ನಮಗೆ ಉತ್ತರವು ಹೊಳೆಯಲಿಲ್ಲ. ಬಹುಶಃ ಅದಕ್ಕೆ ಉತ್ತರವು ಇರಲೂ ಇಲ್ಲ. ಮರುದಿನ ನಸುಕಿನಲ್ಲಿ ನಾವು ಅವನ ಮನೆಯ ಬಾಗಿಲಿಗೆ ಹೋಗಿ ನಿಂತೆವು. ಬಾಗಿಲು ತೆರೆಯಿತು. ಅಂದಿನಿಂದ ದಿನಾಲು ಅದೇ ಕ್ರಮವಾಯಿತು.

ಕಾರ್ತಿಕದಲ್ಲಿ ನಮ್ಮ ಮನೆಯವರು ಒಂದು ದಿನ, "ನೀವು ಓಡಿ ಬೆವರಿಳಿಸಿದರ ಊರೆಲ್ಲಾ ನೋಡತೈತಿ, ನಾವು ನೀರು ಹೊತ್ತು, ಕಳೇವು ತಗದು ಬೆವರಿಳಿಸಿದ್ದನ್ನ ಯಾರೂ ಪಂದ್ಯ ಅನ್ನಂಗಿಲ್ಲ" ಎಂದರು. ಮಾತು ನಿಜವೇ. ನಮ್ಮ ಬೆವರಿನ ಅಂಗಿಯನ್ನು ಒಗೆಯುತ್ತಿದ್ದವರೂ ಅವರೇ. ಅಂದಿನಿಂದ ಅದನ್ನು ನಾವೇ ಒಗೆದುಕೊಳ್ಳಹತ್ತಿದೆವು. ಆ ವಾರದಿಂದ ಅವರೂ ನೆರೆಮನೆಯ ಮೂವರು ಹೆಣ್ಣುಮಕ್ಕಳೂ ಬೆಳಗಿನಲ್ಲಿ ಸುಣ್ಣದ ಗೆರೆಯ ವರೆಗೆ ಬಿರುಸಾಗಿ ನಡೆದು ಬರತೊಡಗಿದರು. ಮೊದಲಿಗೆ ಜನರು ನಕ್ಕರು, ಹದಿನೈದು ದಿವಸಗಳಲ್ಲಿ ನಾಲ್ವರು ಒಂಬತ್ತು ಜನರಾದರು, ನಗುವವರೇ ಕಡಿಮೆಯಾದರು.

ಡಿಸೆಂಬರದ ಚಳಿಯಲ್ಲಿ ಗದಗಿನಲ್ಲಿ ನಡೆದ 10 ಕಿಲೋಮೀಟರಿನ ಓಟಕ್ಕೆ ನಾವಿಬ್ಬರೂ ಹೋದೆವು. ಹೊರಡುವ ಮುಂಚೆ ನಾವು ಅವನ ಕೈಹಿಡಿದು, "ಈ ಸಲ ಯಾರು ಬಿದ್ದರೂ ನೋಡಿಕೊಳ್ಳಲು ದರ್ಜಿಗಳಿದ್ದಾರೆ, ನೀನು ನಿಲ್ಲಬೇಡ" ಎಂದು ಮಾತು ತೆಗೆದುಕೊಂಡೆವು. ಅವನು ಮೂರನೆಯವನಾಗಿ ಬಂದನು. ಬಂದ ಹಣದಲ್ಲಿ ತಾಯಿಗೆ ಚಪ್ಪಲಿಗಳನ್ನೂ ತನಗೆ ಪುಸ್ತಕಗಳನ್ನೂ ಕೊಂಡನು. ನಾವು 1 ತಾಸು 6 ನಿಮಿಷಗಳಲ್ಲಿ, ಮಾತನಾಡುತ್ತಲೇ, ಮುಟ್ಟಿದೆವು.

ಮಾರ್ಚ ತಿಂಗಳಲ್ಲಿ ಮತ್ತೆ ರಕ್ತಪರೀಕ್ಷೆಯಾಯಿತು. ವೈದ್ಯರು ಒಂದು ಗುಳಿಗೆಯನ್ನು ಅರ್ಧಕ್ಕೆ ಇಳಿಸಿದರು. ಇನ್ನೊಂದನ್ನು ಹಾಗೆಯೇ ಇಟ್ಟರು. ಓಟವು ಸರ್ವರೋಗಕ್ಕೂ ಮದ್ದೆಂದು ನಾವು ಹೇಳಲಾರೆವು. ತಾವಾಗಿ ಗುಳಿಗೆಯನ್ನು ಬಿಡಬಾರದೆಂಬದನ್ನು ಒತ್ತಿ ಹೇಳುವೆವು. 2025ರ ಮಾರ್ಚ 30ರಂದು ವಿಶ್ವಾವಸು ಸಂವತ್ಸರದ ಯುಗಾದಿ. ಬೇವುಬೆಲ್ಲಕ್ಕಿಂತ ಮುಂಚೆ ಎಲ್ಲರೂ ರಸ್ತೆಗೆ ಕೂಡಿದರು. ತರುಣನು ಸುಣ್ಣದ ಗೆರೆಯನ್ನು ಹೊಸದಾಗಿ ಎಳೆದಿದ್ದನು. ಗುರುಗಳು ಗಡಿಯಾರವನ್ನು ಹಿಡಿದರು. 1600 ಮೀಟರು, ಸರಿಯಾದ ಅಳತೆ: 5 ನಿಮಿಷ 58 ಸೆಕೆಂಡು! ಉಳಿತಾಯವು ಮೂವತ್ತೆರಡು ಸೆಕೆಂಡುಗಳಾಗಿತ್ತು. ಆ ಯುಗಾದಿಯ ವರೆಗೆ ಅರ್ಜಿ ಕರೆಯುವ ಪ್ರಕಟಣೆಯು ಬಂದಿರಲಿಲ್ಲ. ಆದರೂ ಆ ಹೊತ್ತಿಗೆ ಅವನ ಮೋರೆಯ ಮೇಲಿದ್ದ ನಗುವನ್ನು ಯಾವ ಪ್ರಕಟಣೆಯೂ ಕೊಟ್ಟಿರಲಿಲ್ಲ, ಯಾವದೂ ತೆಗೆದುಕೊಳ್ಳಲಾರದು.

ನಾವು ನಮ್ಮ ನಿಧಾನದ ಓಟದಲ್ಲಿ ಬನ್ನಿಯ ಮರವನ್ನು ದಾಟುತ್ತಿರುವಾಗ, ಹಿಂದಿನ ವರುಷದ ಆ ಮುದುಕರೇ ಎದುರಾದರು. ಹೆಣ್ಣುಮಕ್ಕಳ ಗುಂಪನ್ನೂ ಬೈಸಿಕಲ್ಲಿನ ಗುರುಗಳನ್ನೂ ನಮ್ಮನ್ನೂ ನೋಡಿ ನಿಂತು, "ಇನ್ನೂ ಓಡಾಕ ಹತ್ತೀರೇನು? ನಿಮಗೇನಾಗೇತ್ರೀ?" ಎಂದು ಕೇಳಿದರು. ಈ ಸಲ ಉತ್ತರವೂ ಇತ್ತು, ಉತ್ತರ ಕೊಡಲು ಉಸಿರೂ ಇತ್ತು. "ಏನೂ ಆಗಿಲ್ಲರಿ ಅಜ್ಜಾರ, ಆಗಬಾರದಂತ ಓಡತೇವಿ" ಎಂದೆವು. ಅವರು ಸ್ವಲ್ಪ ಯೋಚಿಸಿ, "ಹಂಗಾರ ಓಡ್ರಿ" ಎಂದು ರಸ್ತೆಯ ಬದಿಗೆ ಸರಿದು ದಾರಿ ಬಿಟ್ಟರು.